ಹಳೆಯ ಬೈಸಿಕಲ್ ಸಾಮಾನಿನ ಬೆಲೆ

ಗೃಹಸ್ಥನಾದವನಿಗೆ ಯೋಗವೆಂದೂ ಕ್ಷೇಮವೆಂದೂ ಎರಡು ಚಿಂತೆಗಳು ತಪ್ಪಿದುವಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಕೊಂಡ ಪದಾರ್ಥವು ತನಗೆ ಬೇಡವಾದಾಗ ಅದನ್ನು ನ್ಯಾಯವಾದ ಕ್ರಯಕ್ಕೆ ಮತ್ತೊಬ್ಬರಿಗೆ ದಾಟಿಸುವುದೂ ಕ್ಷೇಮದಲ್ಲಿಯೇ ಸೇರಿದ್ದೆಂದು ನಮ್ಮ ಅಭಿಪ್ರಾಯ. ನಗನಾಣ್ಯಗಳ ವಿಷಯದಲ್ಲಿ ಈ ವಿವೇಕವನ್ನು ತೋರಿಸುವ ಮನೆಗಳು ಬೈಸಿಕಲ್ಲಿನ ಸಾಮಾನುಗಳ ವಿಷಯದಲ್ಲಿ ಏಕೆ ಮರೆಯುತ್ತವೆಯೋ ತಿಳಿಯದು.

ಒಂದಾನೊಂದು ಕಾಲದಲ್ಲಿ ಬೈಸಿಕಲ್ಲೆಂದರೆ ಬೈಸಿಕಲ್ಲು ಅಷ್ಟೆ. ಅದಕ್ಕೊಂದು ಬೆಲ್ಲು, ಒಂದು ಡೈನಮೋ ದೀಪ, ಒಂದು ಗಾಳಿಯ ಪಂಪು, ಹಿಂದೆ ಕ್ಯಾರಿಯರು. ಇಷ್ಟಿದ್ದರೆ ಸರ್ವಾಲಂಕಾರಭೂಷಿತವೆಂದೇ ಲೆಕ್ಕ. ಈಗಲಾದರೋ ಬೈಸಿಕಲ್ಲಿಗಿಂತ ಅದರ ಪರಿವಾರವೇ ದೊಡ್ಡದು. ದಾರಿಯನ್ನೂ ವೇಗವನ್ನೂ ತೋರಿಸುವ ಜಿಪಿಎಸ್ ಯಂತ್ರ, ಎದೆಗೆ ಕಟ್ಟಿಕೊಂಡು ಹೃದಯದ ಬಡಿತವನ್ನೆಣಿಸುವ ಪಟ್ಟಿ, ಪೆಡಲಿನ ಮೇಲೆ ಬೀಳುವ ಬಲವನ್ನಳೆಯುವ ಪವರ್ ಮೀಟರು, ಮನೆಯೊಳಗೆ ನಿಂತಲ್ಲಿಯೇ ತುಳಿಯುವ ಟ್ರೈನರು, ಹೆಲ್ಮೆಟ್ಟು, ವಿಶೇಷವಾದ ಪಾದರಕ್ಷೆ, ಹೀಗೆ ಪಟ್ಟಿ ಬೆಳೆಯುತ್ತ ಹೋಗುವುದು. 2020ನೆಯ ಇಸವಿಯ ಸಾಂಕ್ರಾಮಿಕದ ದಿನಗಳಲ್ಲಿ ಲೋಕಾದ್ಯಂತ ಬೈಸಿಕಲ್ಲಿನ ಮೋಹ ಉಕ್ಕಿತಷ್ಟೆ. ಆಗ ಮನೆಮಗನು ಆಸೆಯಿಂದ ತರಿಸಿಕೊಂಡ ಎಷ್ಟೋ ಸಾಮಾನುಗಳು ಈಗ ಅಟ್ಟದ ಮೇಲೆ ಧೂಳು ಕುಡಿಯುತ್ತಿವೆ. ಅವುಗಳ ಗತಿಯೇನು? ಇದು ಕೇವಲ ಹುಡುಗರ ವಿಷಯವಲ್ಲ; ಮನೆಯ ಹಣದ ವಿಷಯ.

ಮೊದಲು ಲೆಕ್ಕವನ್ನು ನೋಡೋಣ. ಪದಾರ್ಥದ ನಿಜವಾದ ವೆಚ್ಚವೆಂದರೆ ಕೊಂಡ ಕ್ರಯವಲ್ಲ. ಕೊಂಡ ಕ್ರಯದಲ್ಲಿ ಮಾರಿದ ಕ್ರಯವನ್ನು ಕಳೆದು, ಉಳಿದುದನ್ನು ಬಳಸಿದ ವರ್ಷಗಳಿಂದ ಭಾಗಿಸಿದರೆ ಬರುವ ಮೊತ್ತ. 9,000 ರೂಪಾಯಿಗೆ ಕೊಂಡ ಒಳ್ಳೆಯ ಚರ್ಮದ ಸೀಟನ್ನು ಐದು ವರ್ಷ ಬಳಸಿ 5,000ಕ್ಕೆ ಮಾರಿದೆವೆಂದು ಇಟ್ಟುಕೊಳ್ಳೋಣ. ಅದು ನಮಗೆ ವರ್ಷಕ್ಕೆ 800 ರೂಪಾಯಿಯ ಬಾಡಿಗೆಗೆ ದೊರೆತಂತಾಯಿತು. 16,000ಕ್ಕೆ ಕೊಂಡ ಜಿಪಿಎಸ್ ಯಂತ್ರವನ್ನು ನಾಲ್ಕು ವರ್ಷದ ಮೇಲೆ 4,000ಕ್ಕೆ ಮಾರಿದರೆ ವರ್ಷಕ್ಕೆ 3,000 ಆಯಿತು. ಅದೇ ಯಂತ್ರವನ್ನು ಒಂದು ವರ್ಷ ಬಳಸಿ, ಅನಂತರ ಪೆಟ್ಟಿಗೆಯಲ್ಲಿಟ್ಟು ಮರೆತರೆ 16,000 ರೂಪಾಯಿಯೂ ಆ ಒಂದೇ ವರ್ಷದ ಬಾಡಿಗೆ! ಕೊಳ್ಳುವಾಗ ಚೌಕಾಸಿ ಮಾಡಿ ಐನೂರು ರೂಪಾಯಿ ಉಳಿಸಿದೆವೆಂದು ಹಿಗ್ಗುವ ನಾವು ಈ ನಷ್ಟವನ್ನು ಕಾಣುವುದೇ ಇಲ್ಲ.

ಹಾಗಾದರೆ ಯಾವ ಸಾಮಾನಿಗೆ ಬೆಲೆ ನಿಲ್ಲುತ್ತದೆ, ಯಾವುದಕ್ಕೆ ನಿಲ್ಲುವುದಿಲ್ಲ? ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಕೆಟ್ಟರೆ ಅದನ್ನು ರಿಪೇರಿ ಮಾಡಬಹುದೆ? ಇತರ ಸಾಮಾನುಗಳೊಡನೆ ಅದು ಹೊಂದಿಕೊಳ್ಳುವುದೆ? ಸುಮ್ಮನೆ ಇಟ್ಟರೂ ಅದು ಕೆಡುವುದೆ?

ಮೊದಲನೆಯ ಪ್ರಶ್ನೆಗೆ ಎರಡು ಉದಾಹರಣೆಗಳನ್ನು ಕೊಡುತ್ತೇವೆ. 1951ರಲ್ಲಿ ಸೋನಿಪತ್ತಿನಲ್ಲಿ ಆರಂಭವಾದ ಅಟ್ಲಾಸ್ ಕಂಪೆನಿಯು ಲಕ್ಷಾಂತರ ಬೈಸಿಕಲ್ಲುಗಳನ್ನು ಮಾಡಿ ದೇಶದ ಮೂಲೆಮೂಲೆಗೂ ಕಳುಹಿಸಿತು. 2020ನೆಯ ಜೂನ್ ತಿಂಗಳಲ್ಲಿ ಸಾಹಿಬಾಬಾದಿನ ಅದರ ಕಾರ್ಖಾನೆಯ ಕೆಲಸ ನಿಂತುಹೋಯಿತು. ಇದರಿಂದ ಮನೆಯಲ್ಲಿದ್ದ ಅಟ್ಲಾಸ್ ಬೈಸಿಕಲ್ಲಿಗೆ ಏನಾದರೂ ಕುಂದಾಯಿತೆ? ಏನೂ ಇಲ್ಲ. ಅದರ 28 × 1½ ಅಂಗುಲದ ಟೈರು, ಚೈನು, ಕಡ್ಡಿ, ಬ್ರೇಕಿನ ರಬ್ಬರು ಇವೆಲ್ಲ ಬೇರೆ ಕಂಪೆನಿಗಳ ಬೈಸಿಕಲ್ಲಿಗೂ ಒಗ್ಗುವಂಥವು. ಸಂತೆಯೂರಿನ ಪಂಚರ್ ಅಂಗಡಿಯವನೂ ಅದನ್ನು ಬಿಚ್ಚಿ ಜೋಡಿಸಬಲ್ಲನು. ಮಾಡಿದವನು ಹೋದರೂ ಮಾಡಿದ್ದು ಉಳಿಯಿತು.

ಇನ್ನೊಂದನ್ನು ನೋಡಿರಿ. ಹಾಲೆಂಡಿನ ಆಂಸ್ಟರ್ಡಾಮ್ ನಗರದ ವ್ಯಾನ್‌ಮೂಫ್ ಎಂಬ ಕಂಪೆನಿಯ ವಿದ್ಯುತ್ ಬೈಸಿಕಲ್ಲುಗಳು ಬಹು ಸುಂದರವಾದುವು, ಬಹು ಬೆಲೆಯುಳ್ಳವು. ಅವುಗಳ ಬೀಗವನ್ನೂ ಇತರ ಸೌಕರ್ಯಗಳನ್ನೂ ನಡೆಸುವುದು ಜೇಬಿನ ದೂರವಾಣಿ. 2023ನೆಯ ಜುಲೈ ತಿಂಗಳಲ್ಲಿ ಆ ಕಂಪೆನಿ ದಿವಾಳಿಯಾಯಿತು. ಒಡನೆಯೇ, ಕಂಪೆನಿಯ ಗಣಕಗಳು ನಿಂತರೆ ತಮ್ಮ ಬೈಸಿಕಲ್ಲು ತಮ್ಮ ಮಾತನ್ನೇ ಕೇಳದೆಹೋದೀತೆಂದು ಅದನ್ನು ಕೊಂಡವರೆಲ್ಲ ಹೆದರಿದರು. ಪ್ರತಿಸ್ಪರ್ಧಿಯಾದ ಬೆಲ್ಜಿಯಮ್ಮಿನ ಕೌಬಾಯ್ ಕಂಪೆನಿಯೇ ಮುಂದೆ ಬಂದು, ಆ ಗುಪ್ತವಾದ ಕೀಲಿಗಳನ್ನು ಜನರು ತಮ್ಮಲ್ಲಿಯೇ ಉಳಿಸಿಕೊಳ್ಳುವುದಕ್ಕೆ ಒಂದು ಉಪಾಯವನ್ನು ಮಾಡಿಕೊಟ್ಟಿತು. ಮುಂದೆ ಬೇರೊಬ್ಬರು ವ್ಯಾನ್‌ಮೂಫನ್ನು ಕೊಂಡು ನಡೆಸತೊಡಗಿದರೆಂಬುದು ನಿಜ. ಆದರೂ ಆ ಕೆಲವು ವಾರಗಳಲ್ಲಿ ಅಂಥ ಬೈಸಿಕಲ್ಲನ್ನು ಮಾರಹೊರಟವನ ಪಾಡೇನಾಗಿದ್ದಿರಬೇಕೆಂದು ವಾಚಕರೇ ಊಹಿಸಿಕೊಳ್ಳಬಹುದು. ಆದಕಾರಣ ಹೊಸ ಸಾಮಾನನ್ನು ಕೊಳ್ಳುವ ಮೊದಲೇ ನಮ್ಮೂರಿನ ಸೈಕಲ್ ಷಾಪಿನವನಿಗೆ ಅದನ್ನು ತೋರಿಸಿ ಕೇಳುವುದೊಳ್ಳೆಯದು. "ಸ್ವಾಮಿ, ಇದಕ್ಕೆ ಸಾಮಾನು ನಾನೆಲ್ಲಿಂದ ತರಲಿ?" ಎಂದು ಅವನು ಕೈಯಾಡಿಸಿದರೆ, ಮುಂದೆ ಅದನ್ನು ಕೊಳ್ಳುವವನೂ ಅದೇ ಮಾತನ್ನು ಆಡುವನೆಂದು ತಿಳಿಯತಕ್ಕದ್ದು.

ಎರಡನೆಯದು ಹೊಂದಾಣಿಕೆಯ ಪ್ರಶ್ನೆ. ಗೇರು ಬೈಸಿಕಲ್ಲುಗಳ ಹಿಂದಿನ ಚಕ್ರದಲ್ಲಿ ಎಂಟು ಹಲ್ಲುಚಕ್ರಗಳಿದ್ದುದು ಒಂಬತ್ತಾಗಿ, ಹತ್ತಾಗಿ, ಹನ್ನೊಂದಾಗಿ, ಈಗ ಹನ್ನೆರಡನ್ನೂ ದಾಟಿದೆ. ಒಂದೊಂದು ಹೆಚ್ಚಿದಂತೆಲ್ಲ ಚೈನು ಸಪೂರವಾಗುತ್ತದೆ, ಗೇರಿನ ಹಿಡಿಕೆಯ ಎಳೆತದ ಅಳತೆಯೂ ಬದಲಾಗುತ್ತದೆ. ಒಂಬತ್ತರ ಹಿಡಿಕೆ ಹನ್ನೆರಡಕ್ಕೆ ಒಗ್ಗುವುದಿಲ್ಲ. ಆದುದರಿಂದ ಬಿಡಿಬಿಡಿಯಾಗಿ ಮಾರುವವನು ಎಷ್ಟು ಹಲ್ಲುಚಕ್ರದ್ದು, ಯಾವ ಕಂಪೆನಿಯದು, ಯಾವ ಮಾದರಿಯದು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಸಾಧ್ಯವಿದ್ದರೆ ಹಿಡಿಕೆ, ಗೇರು, ಹಲ್ಲುಚಕ್ರ ಮೂರನ್ನೂ ಒಟ್ಟಿಗೆ ಮಾರುವುದು ಲೇಸು. ಯಂತ್ರಗಳಲ್ಲಿಯೂ ಹೀಗೆಯೇ. ವೇಗವನ್ನೂ ಹೃದಯದ ಬಡಿತವನ್ನೂ ಅಳೆಯುವ ಹಳೆಯ ಉಪಕರಣಗಳಲ್ಲಿ ಕೆಲವು ಆಂಟ್ ಪ್ಲಸ್ ಎಂಬ ಒಂದೇ ಭಾಷೆಯನ್ನು ಬಲ್ಲವು. ಬ್ಲೂಟೂತ್ ಎಂಬ ಇನ್ನೊಂದನ್ನೂ ಬಲ್ಲವುಗಳಿಗೆ ದೂರವಾಣಿಯೊಡನೆ ಮಾತಾಡುವುದು ಸಾಧ್ಯ. ಎರಡು ಭಾಷೆ ಬಲ್ಲವನಿಗೆ ಗಿರಾಕಿ ಹೆಚ್ಚೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಕಾಲದ ಪ್ರಶ್ನೆ. ಲಿಥಿಯಂ ಬ್ಯಾಟರಿಯುಳ್ಳ ಪದಾರ್ಥವು ಬಳಸಿದರೂ ಸವೆಯುತ್ತದೆ, ಬಳಸದಿದ್ದರೂ ಸವೆಯುತ್ತದೆ. ಅದರಲ್ಲಿಯೂ ತುಂಬ ಚಾರ್ಜು ಮಾಡಿ ಸೆಕೆಯ ಅಟ್ಟದಲ್ಲಿಟ್ಟರೆ ಬೇಗ ಸವೆಯುತ್ತದೆ. ಇಡಲೇಬೇಕಾದರೆ ಅರ್ಧದಷ್ಟು ಚಾರ್ಜು ಮಾಡಿ ತಂಪಾದ ಸ್ಥಳದಲ್ಲಿಡತಕ್ಕದ್ದು. ಟೈರಿನ ರಬ್ಬರೂ ಇಟ್ಟಲ್ಲಿಯೇ ಬಿರುಕು ಬಿಡುತ್ತದೆ. ಆದುದರಿಂದ ಇಂಥವುಗಳನ್ನು ಮಾರುವುದಾದರೆ ಇಂದೇ ಮಾರಬೇಕು. ಇದಕ್ಕೆ ಪ್ರತಿಯಾಗಿ ಚರ್ಮದ ಸೀಟನ್ನು ತೆಗೆದುಕೊಳ್ಳಿರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಆರಂಭವಾದ ಬ್ರೂಕ್ಸ್ ಸಂಸ್ಥೆಯ ಸೀಟುಗಳು ಸವಾರನ ಮೈಗೆ ಹೊಂದಿಕೊಳ್ಳುತ್ತ ಮೆತ್ತಗಾಗುವಂಥವು. ಚರ್ಮ ಜೋತರೆ ಮುಂದಿನ ತಿರುಪನ್ನು ಸ್ವಲ್ಪ ಬಿಗಿಮಾಡಬಹುದು. ಮಳೆಯಲ್ಲಿ ನೆನೆಯಿಸದೆ, ಆಗಾಗ ಮೇಣದಂಥ ಎಣ್ಣೆಯನ್ನು ಸವರುತ್ತಿದ್ದರೆ ಅವು ಬಹುಕಾಲ ಬಾಳುತ್ತವೆ, ಹಳೆಯವಾದರೂ ಕೊಳ್ಳುವವರಿದ್ದಾರೆ.

ಇದೇ ಸಂದರ್ಭದಲ್ಲಿ ತಾತನ ಕಾಲದ ಬೈಸಿಕಲ್ಲುಳ್ಳ ಮನೆಗಳಿಗೆ ಒಂದು ಮಾತು. ರ್‍ಯಾಲೆ, ಹಂಬರ್, ಬಿ.ಎಸ್.ಎ. ಮೊದಲಾದ ಇಂಗ್ಲಿಷ್ ಬೈಸಿಕಲ್ಲುಗಳು ಗುಜರಿಯವನ ತಕ್ಕಡಿಗೆ ಹೋಗುವ ಮುನ್ನ ಹಿಂದಿನ ಚಕ್ರದ ಗುಂಬವನ್ನು ಒರಸಿ ನೋಡಿರಿ. ಸ್ಟರ್ಮಿ ಆರ್ಚರ್ ಎಂಬ ಹೆಸರೂ, ಜೊತೆಗೆ ಚಿಕ್ಕ ಅಂಕೆಗಳೂ ಕಂಡರೆ ಅದು ಮೂರು ಗೇರಿನ ಗುಂಬವಾಗಿರಬಹುದು. ಆ ಅಂಕೆಗಳು ಸಾಮಾನ್ಯವಾಗಿ ಅದು ತಯಾರಾದ ಕಾಲವನ್ನು ಸೂಚಿಸುತ್ತವೆ. 1902ರಲ್ಲಿ ಮೊದಲು ಬಂದ ಈ ಜಾತಿಯ ಗುಂಬಗಳು ಎಣ್ಣೆ ಕಂಡರೆ ಇಂದಿಗೂ ತಿರುಗುವುದುಂಟು. ಕಬ್ಬಿಣದ ತೂಕಕ್ಕೆ ಇಂಥದನ್ನು ಕೊಡುವುದು ಕಂಚಿನ ದೀಪವನ್ನು ಬೂದಿಯ ಬೆಲೆಗೆ ಕೊಟ್ಟಂತೆ.

ಕೆಲವು ಸಾಮಾನುಗಳನ್ನು ಎಷ್ಟು ಅಗ್ಗವಾಗಿ ದೊರೆತರೂ ಕೊಳ್ಳಬಾರದು, ಮಾರಲೂಬಾರದು. ಅವುಗಳಲ್ಲಿ ಮೊದಲನೆಯದು ಹೆಲ್ಮೆಟ್ಟು. ಅದರೊಳಗಿರುವುದು ನಾವು ಥರ್ಮಾಕೋಲ್ ಎಂದು ಕರೆಯುವ ಜಾತಿಯ ಗಟ್ಟಿ ನೊರೆ. ಬಿದ್ದಾಗ ತಾನು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುವುದೇ ಅದರ ಧರ್ಮ. ಒಮ್ಮೆ ಪೆಟ್ಟು ತಿಂದ ನೊರೆ ಎರಡನೆಯ ಸಲ ಕಾಪಾಡಲಾರದು. ಮೇಲಿನ ಸಿಪ್ಪೆ ಮಾತ್ರ ಹೊಸದರಂತೆ ಹೊಳೆಯುತ್ತಿರಬಹುದು. ಅದು ಬಿದ್ದಿತ್ತೇ ಇಲ್ಲವೇ ಎಂಬುದು ಮಾರುವವನ ಬಾಯಿಂದಲ್ಲದೆ ಬೇರೆ ವಿಧದಿಂದ ತಿಳಿಯದು. ಮುನ್ನೂರು ರೂಪಾಯಿಯ ಉಳಿತಾಯಕ್ಕಾಗಿ ಮಗುವಿನ ತಲೆಯನ್ನು ಅಪರಿಚಿತನ ಮಾತಿಗೆ ಒತ್ತೆಯಿಡುವುದು ಯಾವ ತಂದೆಗೂ ತಕ್ಕುದಲ್ಲ. ಕಾರ್ಬನ್ನಿನ ಫ್ರೇಮು, ಹ್ಯಾಂಡಲುಗಳಲ್ಲಿಯೂ ಕಣ್ಣಿಗೆ ಕಾಣದ ಬಿರುಕುಗಳಿರುವ ಸಂಭವವುಂಟು. ಬಲ್ಲವರಿಗೆ ತೋರಿಸದೆ ಕೊಳ್ಳಕೂಡದು.

ಹಳೆಯ ಬೈಸಿಕಲ್ಲನ್ನೇ ಕೊಳ್ಳುವವರು ಒಂದು ಅಡಿಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಬಹಳ ಪ್ರಯೋಜನ. ಚೈನಿನ ಒಂದು ಗೂಟದಿಂದ ಮುಂದಿನ ಗೂಟಕ್ಕೆ ಸರಿಯಾಗಿ ಅರ್ಧ ಅಂಗುಲ. ಆದುದರಿಂದ ಇಪ್ಪತ್ತನಾಲ್ಕು ಅಂತರಗಳಿಗೆ ಹನ್ನೆರಡು ಅಂಗುಲವಿರಬೇಕು. ಅಳತೆ ಅಂಗುಲದ ಹದಿನಾರರಲ್ಲೊಂದು ಭಾಗ ಹೆಚ್ಚಾಗಿದ್ದರೆ ಚೈನನ್ನು ಬದಲಿಸುವ ಕಾಲ ಬಂದಿತು. ಎಂಟರಲ್ಲೊಂದು ಭಾಗ ಹೆಚ್ಚಾಗಿದ್ದರೆ ಹಲ್ಲುಚಕ್ರಗಳೂ ಸವೆದಿರುವ ಸಂಭವವೇ ಹೆಚ್ಚು. ಆ ಖರ್ಚನ್ನು ಕ್ರಯದಲ್ಲಿ ಕಳೆದು ಮಾತಾಡಬೇಕು. ಚಕ್ರವನ್ನೆತ್ತಿ ತಿರುಗಿಸಿ, ರಿಮ್ಮು ಅತ್ತಿತ್ತ ಬಳುಕುವುದೋ ನೋಡಬೇಕು. ಪೆಡಲಿನ ತೋಳನ್ನು ಪಕ್ಕಕ್ಕೆ ಅಲುಗಿಸಿ ಸಡಿಲವನ್ನು ಪರೀಕ್ಷಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದೊಂದುಂಟು: ಪದಾರ್ಥವು ಮಾರುವವನದೇ ಆಗಿರಬೇಕು. ಈ ಎಚ್ಚರ ಹೊಸದಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಹಳೆಯ ಸಾಮಾನುಗಳ ಮಾರಾಟಕ್ಕೆಂದೇ ಒಂದು ವಿಧಿಯಿದೆ. ತನ್ನದೆಂದು ಶುದ್ಧವಾಗಿ ಸ್ಥಾಪಿಸಿಕೊಂಡ ಹಳೆಯ ಸಾಮಾನನ್ನು ಮಾತ್ರವೇ ಪೇಟೆಯಲ್ಲಿ ಒತ್ತೆಯಿಡುವುದಕ್ಕೂ ಮಾರುವುದಕ್ಕೂ ಅಧಿಕಾರಿಯು ಅವಕಾಶ ಕೊಡಬೇಕೆಂಬುದು ಅದರ ತಾತ್ಪರ್ಯ. ಇಂದಿನ ಶಾಸನದ ಮಾತೂ ಅದೇ. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಪ್ರಕರಣದಂತೆ, ಕಳವಿನದೆಂದು ತಿಳಿದೋ ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಪದಾರ್ಥವನ್ನು ಪಡೆಯುವುದು ಅಪರಾಧ. ಆದುದರಿಂದ ಕೊಂಡ ದಿನದ ರಸೀತಿಯನ್ನು ಜೋಪಾನವಾಗಿಡತಕ್ಕದ್ದು. ಫ್ರೇಮಿನ ನಂಬರು ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಕೆಳಗೆ ಕೊರೆದಿರುತ್ತದೆ, ಅದನ್ನು ಬರೆದಿಟ್ಟುಕೊಳ್ಳತಕ್ಕದ್ದು. ರಸೀತಿ, ಮೂಲದ ಡಬ್ಬಿ, ಚಾರ್ಜಿನ ತಂತಿ ಇವಿಷ್ಟೂ ಇರುವ ಜಿಪಿಎಸ್ ಯಂತ್ರಕ್ಕೆ ಕೊಳ್ಳುವವನು ನಿಶ್ಶಂಕೆಯಿಂದ ಹಣ ಕೊಡುವನು. ಮಾರುವವನು ತನ್ನ ಖಾತೆಯಿಂದ ಆ ಯಂತ್ರವನ್ನು ಬಿಡಿಸಿ, ತಾನು ದಿನವೂ ತಿರುಗಿದ ದಾರಿಗಳ ದಾಖಲೆಯನ್ನು ಅಳಿಸಿ ಕೊಡಲು ಮರೆಯಬಾರದು. ತನ್ನ ಮನೆಯ ಬಾಗಿಲು ಎಲ್ಲಿದೆ, ತಾನು ಯಾವ ಹೊತ್ತಿನಲ್ಲಿ ಮನೆಯಲ್ಲಿರುವುದಿಲ್ಲ ಎಂಬುದನ್ನು ಅಪರಿಚಿತನಿಗೆ ಏಕೆ ತಿಳಿಸಬೇಕು?

ಪೇಟೆಯ ಧಾರಣೆಯನ್ನೂ ಗಮನಿಸಬೇಕು. 2020ರಲ್ಲಿ ಬೈಸಿಕಲ್ಲು ಸಿಕ್ಕುವುದೇ ದುರ್ಲಭವಾಗಿ ಹಳೆಯವಕ್ಕೂ ಬೆಲೆಯೇರಿತ್ತು. ಅನಂತರ ಕಂಪೆನಿಗಳು ಹೆಚ್ಚಾಗಿ ತಯಾರಿಸಿದ ಸರಕು ಉಗ್ರಾಣಗಳಲ್ಲಿ ಉಳಿದು, ಇಂಗ್ಲೆಂಡಿನ ವಿಗಲ್ ಚೈನ್ ರಿಯಾಕ್ಷನ್ ಎಂಬ ದೊಡ್ಡ ವ್ಯಾಪಾರಸಂಸ್ಥೆಯೇ 2023ನೆಯ ಅಕ್ಟೋಬರಿನಲ್ಲಿ ದಿವಾಳಿಯ ಆಡಳಿತಕ್ಕೊಳಗಾಯಿತು. ಹೊಸದೇ ರಿಯಾಯಿತಿಯಲ್ಲಿ ದೊರೆಯುವಾಗ ಹಳೆಯದರ ಬೆಲೆ ಕುಗ್ಗುವುದು ಸಹಜ. ತಾವು ಕೊಟ್ಟ ಕ್ರಯವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಟ ಹಿಡಿಯುವವರು ಕಡೆಗೆ ಗುಜರಿಯವನನ್ನೇ ಕರೆಯಬೇಕಾಗುತ್ತದೆ. ಇಂದು ಹೊಸದಕ್ಕೆ ಅಂಗಡಿಯಲ್ಲಿ ಎಷ್ಟು ಬೆಲೆಯೆಂಬುದನ್ನು ಮೊದಲು ವಿಚಾರಿಸಿ, ಅದರಿಂದ ಕೆಳಕ್ಕೆ ಎಣಿಸುವುದೇ ಸರಿಯಾದ ಕ್ರಮ. ದೋಷಗಳಿದ್ದರೆ ಮುಚ್ಚಿಡಬಾರದು. ದೋಷವನ್ನು ತಾನಾಗಿ ಹೇಳುವವನ ಗುಣವರ್ಣನೆಯನ್ನೂ ಜನರು ನಂಬುತ್ತಾರೆ.

ಇಷ್ಟೆಲ್ಲ ಹೇಳಿದುದು ಕೇವಲ ನಾಲ್ಕು ಕಾಸಿನ ಆಸೆಗಲ್ಲ. ನಮ್ಮ ರಾಜ್ಯದಲ್ಲಿ 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ಕೊಡುವ ಯೋಜನೆ ಆರಂಭವಾದಾಗ ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದೆವು. ಎರಡು ಚಕ್ರಗಳು ಒಂದು ಹಳ್ಳಿಯ ಹುಡುಗಿಯ ಓದಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಕಂಡುಬಲ್ಲೆವು. ಬಸ್ಸು ಬಾರದ ಊರಿನಿಂದ ಶಾಲೆಗೆ ಬರುವ ಮಗುವಿಗೆ ಬೈಸಿಕಲ್ಲೆಂಬುದು ವಿನೋದವಲ್ಲ. ಅಂಥ ಮನೆಯವರು ಹೊಸದನ್ನು ಕೊಳ್ಳಲಾರರು. ಅರ್ಧ ಬೆಲೆಗೆ ಗಟ್ಟಿಮುಟ್ಟಾದದ್ದು ಸಿಕ್ಕೀತೆಂದು ಹುಡುಕುತ್ತಿರುತ್ತಾರೆ. ನಮ್ಮ ಅಟ್ಟದಲ್ಲಿ ವ್ಯರ್ಥವಾಗಿ ತುಕ್ಕು ಹಿಡಿಯುತ್ತಿರುವುದು ಅವರು ಹುಡುಕುತ್ತಿರುವ ಪದಾರ್ಥವೇ ಆಗಿರಬಹುದು. ಅದನ್ನು ಒರಸಿ, ಎಣ್ಣೆ ಹಾಕಿ, ನ್ಯಾಯವಾದ ಕ್ರಯಕ್ಕೆ ಕೊಟ್ಟರೆ ನಮ್ಮ ಮನೆಗೆ ಹಣ ಬಂದಿತು, ಅವರ ಮನೆಗೆ ವಾಹನ ಬಂದಿತು. ಕೊಡುವವನಿಗೂ ಕೊಳ್ಳುವವನಿಗೂ ಒಂದೇ ವೇಳೆ ಲಾಭವಾಗುವ ವ್ಯಾಪಾರಗಳು ಲೋಕದಲ್ಲಿ ಬಹಳವಿಲ್ಲ. ಈ ಮಳೆಗಾಲ ಬಂದು ಇನ್ನೊಂದು ಪದರ ತುಕ್ಕು ಏರುವ ಮೊದಲೇ ವಾಚಕರು ತಮ್ಮ ಅಟ್ಟಗಳನ್ನೊಮ್ಮೆ ಪರಿಶೀಲಿಸುವರೆಂದು ನಂಬಿದ್ದೇವೆ.