ನೀರು ಬೇರ್ಪಡುವ ಗುಡ್ಡ

ಪರ್ವತಾರೋಹಣವೆಂದೊಡನೆ ನಮ್ಮ ಮನಸ್ಸು ಹಿಮಾಲಯಕ್ಕೆ ಓಡುತ್ತದೆ. 1953ರ ಮೇ 29ರಂದು ತೇನಸಿಂಗ್ ಮತ್ತು ಹಿಲರಿ ಎವರೆಸ್ಟ್ ಶಿಖರದ ಮೇಲೆ ನಿಂತ ತರುವಾಯ, ಹಗ್ಗ ಕೊಡಲಿಗಳಿಲ್ಲದ ಏರಾಟಕ್ಕೆ ಆ ಹೆಸರು ಸಲ್ಲದೆಂಬ ಭಾವನೆಯೂ ಬೇರೂರಿದೆ. ಆದರೆ ಗುಡ್ಡದ ಮಹತ್ವವನ್ನು ಅದರ ಎತ್ತರವೊಂದರಿಂದಲೇ ಅಳೆಯಲಾಗದು. ಅದರ ಮೇಲೆ ಬಿದ್ದ ಮಳೆ ಎತ್ತ ಹರಿಯುತ್ತದೆ ಎಂಬುದನ್ನೂ ಕೇಳಬೇಕು.

ಕಳೆದ ಕಾರ್ತಿಕದಲ್ಲಿ ಮುಂಡಗೋಡ ತಾಲೂಕಿನ ಮಳಗಿಗೆ ಹೋಗಿದ್ದೆ. ಧರ್ಮಾ ಜಲಾಶಯವನ್ನು ನೋಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಶಿರಸಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಮುಂಜಾನೆ ಚಹ ಕುಡಿಯುತ್ತಿರುವಾಗ, ಭೂಗೋಳ ಕಲಿಸುವ ನನ್ನ ಆತಿಥೇಯರು ಪಡುವಣದ ಕಾಡುಗುಡ್ಡವನ್ನು ತೋರಿಸಿ, “ಇವತ್ತ ರಜಾ ಐತಿ, ರೊಟ್ಟಿ ಬುತ್ತಿನೂ ಐತಿ. ನಡೀರಿ ಸರ, ಗುಡ್ಡ ಹತ್ತಿ ಬರೋಣು” ಎಂದರು. ಬಸ್ಸಿನ ಯೋಚನೆ ಅಲ್ಲಿಗೆ ಮುಗಿಯಿತು.

ಗದ್ದೆಗಳನ್ನು ದಾಟಿದ ಮೇಲೆ ಸಾಗವಾನಿ, ಮತ್ತಿ, ಬಿದಿರುಗಳ ಕಾಡು. ಏರು ಕಡಿದಾಗಿರಲಿಲ್ಲ, ಒಣಗತೊಡಗಿದ ಕರಡದ ಮೇಲೆ ಕಾಲು ಜಾರುತ್ತಿತ್ತು. ಮಳೆ ನಿಂತು ವಾರಗಳೇ ಕಳೆದಿದ್ದರೂ ಸಣ್ಣ ಹಳ್ಳವೊಂದರಲ್ಲಿ ತಿಳಿನೀರು ಇನ್ನೂ ಹರಿಯುತ್ತಿತ್ತು. ನೆತ್ತಿಯನ್ನು ಮುಟ್ಟಿದಾಗ ಹಿಂದೆ ಜಲಾಶಯ ಬೆಳ್ಳಗೆ ಹೊಳೆಯುತ್ತಿತ್ತು. ಮುಂದೆ ಶಿರಸಿಯ ಕಡೆಗೆ ಅಲೆಯಲೆಯಾಗಿ ಕಾಡು.

ಅಲ್ಲಿ ನಿಂತು ಮೇಷ್ಟ್ರು ಪಾಠ ಆರಂಭಿಸಿದರು. ಮೂಡಣದ ಇಳಿಜಾರಿನ ನೀರು ಧರ್ಮಾ ನದಿಗೆ ಸೇರಿ, ಹಾನಗಲ್ಲಿನ ಸೀಮೆಗೆ ಉಣಿಸಿ, ವರದೆಯನ್ನು ಕೂಡುತ್ತದೆ. ಮುಂದೆ ತುಂಗಭದ್ರೆ, ಕೃಷ್ಣೆ. ಕಡೆಗೆ ಬಂಗಾಲ ಉಪಸಾಗರ. ಪಡುವಣದ ನೀರು ಸೋದೆಯ ಅರಸರ ಸಹಸ್ರಲಿಂಗಗಳನ್ನು ತೊಳೆಯುವ ಶಾಲ್ಮಲೆಯ ಪಾಲು. ಅದು ಬೇಡ್ತಿಯನ್ನು ಸೇರುತ್ತದೆ. ಬೇಡ್ತಿಯು ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆ ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರಕ್ಕಿಳಿಯುತ್ತದೆ. ಒಂದೇ ಮೋಡದ ಎರಡು ಹನಿಗಳು ಎರಡು ಕಡಲುಗಳಿಗೆ!

ಪರೀಕ್ಷಿಸುವ ಹುಮ್ಮಸ್ಸಿನಿಂದ ನಾನು ತಂಬಿಗೆಯ ನೀರನ್ನು ನೆತ್ತಿಯ ಮೇಲೆ ಸುರಿದೆ. ನೀರು ಮೂಡಲಿಗೂ ಹೋಗಲಿಲ್ಲ, ಪಡುವಲಿಗೂ ಹೋಗಲಿಲ್ಲ. ತರಗೆಲೆಗಳ ಅಡಿಯಲ್ಲಿ ಇಂಗಿಹೋಯಿತು. ದನ ಮೇಯಿಸುತ್ತಿದ್ದ ಮುದುಕನೊಬ್ಬ ನೋಡಿ ನಕ್ಕ. “ಏನ್ ಅಜ್ಜ, ನೀರು ಎಲ್ಲಿ ಹೋತು?” ಎಂದು ಮೇಷ್ಟ್ರು ಕೇಳಿದರು. “ಮೊದಲ ಗುಡ್ಡ ಕುಡೀಬೇಕ್ರಿ. ಆಮ್ಯಾಲ ಹಳ್ಳಕ್ಕ ಬಿಡತೈತಿ” ಎಂದ.

ಇಂದು ಈ ಮಾತನ್ನು ನೆನೆಯಲು ಕಾರಣವಿದೆ. ಬೇಡ್ತಿಯ ಉಪನದಿಗಳಿಗೆ ಒಡ್ಡು ಕಟ್ಟಿ ನೀರನ್ನು ವರದೆಯತ್ತ ತಿರುಗಿಸುವ ಪ್ರಸ್ತಾಪ ಬಹುಕಾಲದಿಂದ ಚರ್ಚೆಯಲ್ಲಿದೆ. ಬಯಲುಸೀಮೆಯ ರೈತನ ಬಾಯಾರಿಕೆ ಸುಳ್ಳಲ್ಲ. ಮಲೆನಾಡಿಗನ ಭಯವೂ ಸುಳ್ಳಲ್ಲ. ಆದರೆ ಉಭಯ ಪಕ್ಷಗಳ ಮೂಲಧನ ಒಂದೇ: ಮಳೆಗಾಲದ ನೀರನ್ನು ಕುಡಿದಿಟ್ಟುಕೊಂಡು, ಬೇಸಗೆಯವರೆಗೆ ತೊಟ್ಟುತೊಟ್ಟಾಗಿ ಬಿಡುವ ಈ ಕಾಡಿನ ಮಣ್ಣು. ಮರ ಹೋದರೆ ಮಳೆ ಇಂಗದೆ ಮಣ್ಣನ್ನೂ ಕೊಚ್ಚಿಕೊಂಡು ಒಮ್ಮೆಗೇ ಇಳಿದುಹೋಗುತ್ತದೆ. ಆಗ ಚೈತ್ರದ ಹೊತ್ತಿಗೆ ಧರ್ಮೆಯಲ್ಲಿ ಹಂಚಿಕೊಳ್ಳಲು ಏನೂ ಉಳಿಯದು; ಶಾಲ್ಮಲೆಯಲ್ಲಿ ತಿರುಗಿಸಲೂ ಏನೂ ಉಳಿಯದು. ಗುಡ್ಡಕ್ಕೆ ಸಲ್ಲಬೇಕಾದ ಮೊದಲ ಪಾಲನ್ನು ಲೆಕ್ಕಕ್ಕೆ ಹಿಡಿಯದ ಯಾವ ಹಂಚಿಕೆಯೂ ನ್ಯಾಯವಾಗಲಾರದು.

ನಮ್ಮ ಶಾಲೆಗಳಲ್ಲಿ ‘ಜಲವಿಭಾಜಕ’ ಎಂಬ ಶಬ್ದವನ್ನು ಬಾಯಿಪಾಠ ಮಾಡಿಸುತ್ತಾರೆ. ಉಪಾಧ್ಯಾಯರು ಒಂದು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ತಮ್ಮ ಊರ ಗುಡ್ಡವನ್ನೊಮ್ಮೆ ಹತ್ತಿದರೆ ಒಳಿತು. ಖರ್ಚು ಒಂದು ಬುತ್ತಿಯದಷ್ಟೇ. ಕಾಲಿನಿಂದ ಕಲಿತ ಭೂಗೋಳ ಬೇಗ ಮರೆಯುವುದಿಲ್ಲ.