ಸಕ್ಕರೆ ಕಾಯಿಲೆ ಮತ್ತು ಮಾಜಿ ಸೈನಿಕರ ಅಂಗವಿಕಲತೆ ಪಿಂಚಣಿ



ಈ ಸಲ ಕೊಳೆರೋಗದ ಬಗ್ಗೆಯಾಗಲಿ ಬೋರ್ಡೋ ದ್ರಾವಣದ ಬಗ್ಗೆಯಾಗಲಿ ಬರೆಯುತ್ತಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಸೈನ್ಯದಿಂದ ಮರಳಿ ತೋಟ ಹಿಡಿದ ಸದಸ್ಯರು ನಮ್ಮಲ್ಲಿದ್ದಾರೆ. ಅವರಿಗೆ ಸಂಬಂಧಪಟ್ಟ ಒಂದು ವಿಷಯವನ್ನು ತಿಳಿಸುವುದು ಅಗತ್ಯವೆಂದು ತೋರಿತು.

ಕಳೆದ ಕೊಯ್ಲಿನ ಕಾಲದಲ್ಲಿ ಎರಡು ಎಕರೆ ಅಡಿಕೆ ತೋಟದ ಸದಸ್ಯರೊಬ್ಬರು ಸಾಲದ ನವೀಕರಣಕ್ಕೆಂದು ಕಛೇರಿಗೆ ಬಂದಿದ್ದರು. ಇಪ್ಪತ್ತನಾಲ್ಕು ವರ್ಷ ಸೇವೆ ಮಾಡಿ 2012ರಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಪಹಣಿ ಹುಡುಕುವಾಗ ಅವರ ಕಾಗದದ ಕಟ್ಟಿನಿಂದ ಇಂಗ್ಲಿಷಿನ ಒಂದು ಹಳೆಯ ಪತ್ರ ಜಾರಿ ಬಿತ್ತು. ಏನೆಂದು ಕೇಳಿದೆ. “ಶುಗರ್‌ಗೆ ಪಿಂಚಣಿ ಕೇಳಿದ್ದೆ ಸಾರ್, ಆಗಲ್ಲ ಅಂದರು, ಬಿಡಿ” ಎಂದರು. ಪತ್ರದ ಕೊನೆಯಲ್ಲಿ, ಒಪ್ಪಿಗೆಯಿಲ್ಲದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಬರೆದಿತ್ತು. ಆ ಸಾಲನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಸೈನಿಕನು ಸೇವೆಯಿಂದ ಹೊರಬರುವಾಗ ದೇಹಸ್ಥಿತಿಯಲ್ಲಿ ಊನವಿದ್ದರೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು. ಇದಕ್ಕೆ ರಿಲೀಸ್ ಮೆಡಿಕಲ್ ಬೋರ್ಡ್ ಎನ್ನುತ್ತಾರೆ. ಮಂಡಳಿ ಎರಡು ಸಂಗತಿಗಳನ್ನು ಬರೆಯುತ್ತದೆ. ಊನ ಶೇಕಡಾ ಎಷ್ಟು ಎಂಬುದು ಒಂದು. ಆ ರೋಗ ಸೇವೆಯಿಂದ ಬಂದದ್ದೇ, ಇಲ್ಲವೇ ಸೇವೆಯಿಂದ ಉಲ್ಬಣಗೊಂಡದ್ದೇ ಎಂಬುದು ಇನ್ನೊಂದು. ಊನ ಶೇ. 20 ಅಥವಾ ಹೆಚ್ಚಿದ್ದು, ಎರಡನೆಯ ಪ್ರಶ್ನೆಗೆ ಹೌದೆಂಬ ಉತ್ತರವಿದ್ದರೆ ಮಾಮೂಲು ಪಿಂಚಣಿಯ ಜೊತೆಗೆ ಅಂಗವಿಕಲತೆಯ ಭಾಗವೂ ದೊರೆಯುತ್ತದೆ. ಸಕ್ಕರೆ ಕಾಯಿಲೆಗೆ ಹಲವರಿಗೆ ಶೇ. 20 ಎಂದೇ ಬರೆದಿರುತ್ತಾರೆ. ಅರ್ಜಿ ಬೀಳುವುದು ಎರಡನೆಯ ಪ್ರಶ್ನೆಯಲ್ಲಿ. ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಗೊಂಡದ್ದೂ ಅಲ್ಲ ಎಂದು ಒಂದೇ ಸಾಲಿನಲ್ಲಿ ಷರಾ ಹಾಕಿಬಿಡುತ್ತಾರೆ.

ಮಂಡಿಯಲ್ಲಿ ನಮ್ಮ ರಾಶಿ ಅಡಿಕೆಯನ್ನು ಗೊರಬಲಿಗೆ ಇಳಿಸಿದರೆ ಏಕೆಂದು ಕೇಳದೆ ನಾವು ಚೀಲ ಬಿಟ್ಟು ಬರುತ್ತೇವೆಯೇ? ಇಲ್ಲಿಯೂ ಕೇಳಬೇಕಾದುದು ಅದನ್ನೇ.

ನ್ಯಾಯಾಲಯಗಳು ಹೇಳಿರುವುದೂ ಇದನ್ನೇ. 2013ರಲ್ಲಿ ಸುಪ್ರೀಂ ಕೋರ್ಟು ಧರಮವೀರ್ ಸಿಂಗ್ ಪ್ರಕರಣದಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿತು. ಅದು ಮೂರ್ಛೆ ರೋಗದ ಪ್ರಕರಣವಾದರೂ ತತ್ವ ಎಲ್ಲ ರೋಗಗಳಿಗೂ ಅನ್ವಯವಾಗುತ್ತ ಬಂದಿದೆ. ಸೇರುವಾಗ ದಾಖಲೆಯಲ್ಲಿ ರೋಗವನ್ನು ಗುರುತು ಮಾಡಿರದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ತಿಳಿಯಬೇಕು. ಸೇವೆ ಕಾರಣವಲ್ಲವೆಂದು ಹೇಳುವವರು ಕಾರಣ ಕೊಡಬೇಕು. ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಎರಡನೆಯ ಬಗೆಯ ಸಕ್ಕರೆ ಕಾಯಿಲೆಯ ಪ್ರಕರಣದಲ್ಲೇ, ಪೀಸ್ ಸ್ಟೇಷನ್ನಿನಲ್ಲಿದ್ದಾಗ ರೋಗ ಕಾಣಿಸಿತೆಂಬ ಒಂದು ಮಾತು ನಿರಾಕರಣೆಗೆ ಸಾಲದೆಂದು ಹೇಳಿತು.

ಹಾಗೆಂದು ಸಕ್ಕರೆ ಕಾಯಿಲೆ ಇದ್ದವರಿಗೆಲ್ಲ ಸಿಗುತ್ತದೆಂದು ತಿಳಿಯಬಾರದು. ಸೇವೆಯಲ್ಲಿ ಬಂದ ಪ್ರತಿಯೊಂದು ರೋಗವೂ ತಾನಾಗಿಯೇ ಪಿಂಚಣಿಗೆ ಅರ್ಹವಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಿವೃತ್ತಿಯ ನಂತರ ಮೊದಲ ಬಾರಿಗೆ ಕಾಣಿಸಿಕೊಂಡಿದ್ದರೆ ಹಾದಿ ಬಹಳ ಕಷ್ಟ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಾವಳಿ ಜಾರಿಯಾಗಿದೆ. ಆ ಮೇಲೆ ನಿವೃತ್ತರಾದವರು ಅದನ್ನೇ ನೋಡಬೇಕು.

ಅದಕ್ಕೆ ಹಿಂದಿನವರ ಮಟ್ಟಿಗೆ ಒಂದು ಅಂಶ ಬಹಳ ಬೆಲೆಯುಳ್ಳದ್ದು. 2008ರ ವೈದ್ಯಕೀಯ ಮಾರ್ಗದರ್ಶಿಯ ಪ್ರಕಾರ ಫೀಲ್ಡ್ ಪ್ರದೇಶ, ಉಗ್ರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶ ಅಥವಾ ಅತಿ ಎತ್ತರದ ಪ್ರದೇಶದಲ್ಲಿದ್ದಾಗ ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಶುರುವಾಗಿದ್ದರೆ ಸೇವೆಯಿಂದ ಉಲ್ಬಣಗೊಂಡಿತೆಂದು ಒಪ್ಪಬೇಕು. ರೋಗ ತಿಳಿದ ಮೇಲೆಯೂ ಅಂಥ ಕಡೆ ಕಳುಹಿಸಿದ್ದರೆ ಅದೂ ಸೇರುತ್ತದೆ. ಆದುದರಿಂದ ರೋಗ ಮೊದಲು ಪತ್ತೆಯಾದ ತಾರೀಖು ಮತ್ತು ಆಗ ಇದ್ದ ಸ್ಥಳ, ಇವೆರಡನ್ನೂ ಮೊದಲು ನೋಡಬೇಕು. ಇವು ಮಂಡಳಿಯ ನಡವಳಿಯಲ್ಲಿ, ಅಂದರೆ ಎ.ಎಫ್.ಎಂ.ಎಸ್.ಎಫ್.-16 ಎಂಬ ನಮೂನೆಯಲ್ಲಿ ಇರುತ್ತವೆ. ಕೈಯಲ್ಲಿ ಪ್ರತಿ ಇಲ್ಲದಿದ್ದರೆ ತಮ್ಮ ರೆಜಿಮೆಂಟಿನ ರೆಕಾರ್ಡ್ಸ್ ಕಛೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ತರಿಸಬಹುದು.

ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲನೆಯ ಮೇಲ್ಮನವಿ, ಅದೂ ಬಿದ್ದರೆ ಎರಡನೆಯದು. ಅನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಬಂದ ಈ ಮಂಡಳಿಯಲ್ಲಿ ಕರ್ನಾಟಕದವರಿಗೆ ಕೊಚ್ಚಿ ಪೀಠ. ಅವಧಿ ಮೀರಿದ್ದರೆ ವಿಳಂಬ ಮನ್ನಿಸಬೇಕೆಂದು ಕಾರಣ ಸಹಿತ ಕೇಳಿಕೊಳ್ಳಬೇಕು. ಪಿಂಚಣಿ ತಿಂಗಳು ತಿಂಗಳೂ ಬರಬೇಕಾದ ಹಣವಾದ್ದರಿಂದ ತಡವಾಯಿತೆಂದೇ ಹಕ್ಕು ಹೋಗುವುದಿಲ್ಲ. ಆದರೆ ನಷ್ಟವಂತೂ ಇದೆ. 2008ರ ತರಸೇಮ್ ಸಿಂಗ್ ಪ್ರಕರಣದ ತೀರ್ಪಿನಂತೆ ಹಿಂಬಾಕಿ ಸಾಮಾನ್ಯವಾಗಿ ದಾವೆ ಹೂಡುವುದಕ್ಕೆ ಹಿಂದಿನ ಮೂರು ವರ್ಷಗಳದ್ದು ಮಾತ್ರ. ಇದಲ್ಲದೆ 2008ರ ನಿಯಮಾವಳಿಯಂತೆ ನಿವೃತ್ತಿಯಾಗಿ ಹದಿನೈದು ವರ್ಷ ಕಳೆದು, ಸೇವಾ ದಾಖಲೆಗಳು ನಾಶವಾದ ಮೇಲೆ ಕ್ಲೇಮು ಹಾಕಿದರೆ ರುಜುವಾತು ಮಾಡುವ ಹೊಣೆ ಅರ್ಜಿದಾರನ ಮೇಲೆಯೇ ಬೀಳುತ್ತದೆ. ನಮ್ಮ ಹವಾಲ್ದಾರರಿಗೆ ಆ ಹದಿನೈದು ವರ್ಷ 2027ಕ್ಕೆ ತುಂಬುತ್ತದೆ. ಅವರ ಕ್ಲೇಮು ಹಿಂದೆಯೇ ಹಾಕಿದ್ದಾದರೂ, ದಾಖಲೆ ಇರುವಾಗಲೇ ಪ್ರತಿ ಕೈಯಲ್ಲಿರುವುದು ಲೇಸೆಂದು ಹೇಳಿದೆ.

ಹಣದ ಲೆಕ್ಕ ಹೀಗಿದೆ. ನೂರಕ್ಕೆ ನೂರು ಊನವಾದರೆ ಕೊನೆಯ ಸಂಬಳದ ಶೇ. 30. ಸಂಬಳ 40,000 ರೂಪಾಯಿ ಎಂದಿಟ್ಟುಕೊಂಡರೆ 12,000, ಶೇ. 20 ಊನಕ್ಕೆ 2,400. ಆದರೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದು ಎಣಿಸುವ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಉಂಟೆಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಗ ತಿಂಗಳಿಗೆ 6,000 ಆಗುತ್ತದೆ. ಎರಡು ಎಕರೆಯವನಿಗೆ ಇದು ಸಣ್ಣ ಮೊತ್ತವಲ್ಲ. ಸಿಕ್ಕ ಹಣದಲ್ಲಿ ಇಷ್ಟು ಪಾಲೆಂದು ಮೊದಲೇ ಮಾತಾಡಿ ಸಹಿ ಹಾಕಿಸಿಕೊಳ್ಳುವ ಮಧ್ಯವರ್ತಿಗಳು ಹುಟ್ಟಿಕೊಳ್ಳುವುದೂ ಇದರಿಂದಲೇ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಛೇರಿಯಲ್ಲಿ ವಿಚಾರಿಸಲು ದುಡ್ಡು ಕೊಡಬೇಕಾಗಿಲ್ಲ.

ಹವಾಲ್ದಾರರು ಮೊದಮೊದಲು ಒಪ್ಪಲಿಲ್ಲ. ಗುಂಡೇಟು ತಿಂದವರು ಕೇಳಲಿ, ಶುಗರ್‌ಗೆ ಕೇಳುವುದು ನಾಚಿಕೆ ಎಂಬುದು ಅವರ ಅಭಿಪ್ರಾಯ. ಹೋದ ವರ್ಷ ಬಸಿಗಾಲುವೆಯಲ್ಲಿ ಬರಿಗಾಲಲ್ಲಿ ನಡೆದು ಆದ ಗಾಯ ಮೂರು ತಿಂಗಳು ಮಾಯಲಿಲ್ಲ, ಆಗ ಕೊನೆ ಕೊಯ್ಯಿಸಲು ಕೂಲಿಯವರಿಗೆ ಕೊಟ್ಟದ್ದೆಷ್ಟು ಎಂದು ಅವರ ಮನೆಯವರೇ ಲೆಕ್ಕ ಹೇಳಿದ ಮೇಲೆ ಸಹಿ ಮಾಡಿದರು. ನಡವಳಿಯ ಪ್ರತಿ ಎರಡು ತಿಂಗಳಿಗೆ ಬಂತು. ರೋಗ ಪತ್ತೆಯಾದದ್ದು 2009, ಸ್ಥಳದ ಅಂಕಣದಲ್ಲಿ ಫೀಲ್ಡ್ ಎಂದಿತ್ತು. ಅದನ್ನೇ ಆಧಾರ ಮಾಡಿ, ವಿಳಂಬ ಮನ್ನಿಸಲು ಕೋರಿ, ಮೊದಲನೆಯ ಮೇಲ್ಮನವಿಯನ್ನು ಕಳುಹಿಸಿದ್ದೇವೆ. ತಲುಪಿದ ಸ್ವೀಕೃತಿ ಸಂಘದ ಕಡತದಲ್ಲಿದೆ. ಇಂಥದೇ ಪತ್ರ ಮನೆಯ ಪೆಟ್ಟಿಗೆಯಲ್ಲಿಟ್ಟಿರುವ ಸದಸ್ಯರು ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ ಮತ್ತು ಆ ಪತ್ರದೊಂದಿಗೆ ಕಛೇರಿಯ ವೇಳೆಯಲ್ಲಿ ಬಂದು ಕಾಣಬಹುದು.

— ಕಾರ್ಯದರ್ಶಿ