ಆಮೆಗೆ ಪಾಠ ಹೇಳುವುದು

ಅಲೆಕ್ಸಾಂಡ್ರಾ ಎಂಬ ಆಮೆಗೆ ಆಕಳಿಸುವುದನ್ನು ಕಲಿಸಬೇಕಿತ್ತು. ಕೆಂಪು ಚೌಕವೊಂದನ್ನು ತೋರಿಸಿದ ಕೂಡಲೇ ಅದು ಬಾಯಿ ಅಗಲಿಸಬೇಕು. ಇಷ್ಟನ್ನು ಕಲಿಸಲು ಸುಮಾರು ಆರು ತಿಂಗಳು ಹಿಡಿಯಿತು. ಪಾಠ ಮುಗಿದ ಮೇಲೆ ಬೇರೆ ಆಮೆಗಳನ್ನು ಅದರ ಎದುರಿಗೆ ಬಿಟ್ಟು, ಇದು ಬಾಯಿ ತೆರೆದಾಗ ಅವೂ ಆಕಳಿಸುತ್ತವೆಯೇ ಎಂದು ನೋಡಿದರು. ನಮ್ಮಲ್ಲಿ ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೂ ಬರುತ್ತದಲ್ಲ, ಅದು ಬರೀ ದೇಹದ ಚಾಳಿಯೋ, ಇನ್ನೊಬ್ಬರ ಮನಸ್ಸಿಗೆ ಮಿಡಿಯುವ ಗುಣವೋ ಎಂಬುದು ಹಳೆಯ ಜಗಳ. ಆಮೆಗಳಿಗೂ ಆಕಳಿಕೆ ಅಂಟಿದ್ದರೆ ಚಾಳಿ ಎನ್ನುವವರ ಕೈ ಮೇಲಾಗುತ್ತಿತ್ತು. ಅಂಟಲಿಲ್ಲ. 2011ರಲ್ಲಿ ಈ ಕೆಲಸಕ್ಕೆ ಅನ್ನಾ ವಿಲ್ಕಿನ್ಸನ್ ಮತ್ತು ಅವರ ಮೂವರು ಜೊತೆಗಾರರಿಗೆ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು.

ಪತ್ರಿಕೆಗಳು ನಕ್ಕು ಸುಮ್ಮನಾದವು. ಆದರೆ ಪ್ರಯೋಗದ ಮೊದಲರ್ಧವೇ ನನಗೆ ದೊಡ್ಡದಾಗಿ ಕಾಣುತ್ತದೆ. ಹೊಟ್ಟೆಪಾಡಿಗೂ ಪ್ರಾಣಭಯಕ್ಕೂ ಸಂಬಂಧವೇ ಇಲ್ಲದ ಒಂದು ಗುರುತನ್ನು ನೋಡಿ, ಸಂಬಂಧವೇ ಇಲ್ಲದ ಒಂದು ಕೆಲಸ ಮಾಡಲು ಆಮೆ ಕಲಿಯಿತು. ಕಲಿಸುವವರು ಆರು ತಿಂಗಳು ಕಾದರು, ಅಷ್ಟೆ.

ಆಮೆ ದಡ್ಡ ಪ್ರಾಣಿ ಎಂಬ ಮಾತಿಗೆ ವಯಸ್ಸಾಗಿದೆ. ಗಲಾಪಗೋಸ್ ದ್ವೀಪಗಳಿಗೆ ಬಂದ ನಾವಿಕರು ಅಲ್ಲಿನ ದೈತ್ಯ ಆಮೆಗಳನ್ನು ಹಡಗಿನ ತಳದಲ್ಲಿ ಪೇರಿಸಿಡುತ್ತಿದ್ದರು. ಅವು ಅನ್ನನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತಿದ್ದವು, ಬೇಕಾದಾಗ ಒಂದೊಂದನ್ನೇ ತೆಗೆದು ಅಡುಗೆ ಮಾಡಬಹುದಿತ್ತು. 1835ರಲ್ಲಿ ಅಲ್ಲಿಗೆ ಹೋದ ಚಾರ್ಲ್ಸ್ ಡಾರ್ವಿನ್ ಕೂಡ ಆಮೆಯ ಹಿಂದಿನಿಂದ ನಡೆದು ಬಂದು, ದಾಟಿ ಮುಂದಾದ ಕೂಡಲೇ ಅದು ಬುಸ್ಸೆಂದು ತಲೆ ಒಳಗೆಳೆದು ಧೊಪ್ಪನೆ ಕೂರುವುದನ್ನು ನೋಡಿ ಮೋಜುಪಟ್ಟವನೇ. ಅದರ ಬೆನ್ನ ಮೇಲೆ ಕೂತು, ಚಿಪ್ಪಿನ ಹಿಂಭಾಗಕ್ಕೆ ತಟ್ಟಿ ಸವಾರಿಯನ್ನೂ ಮಾಡಿದ. ಆಮೆಗಳು ಪೂರ್ತಿ ಕಿವುಡು ಎಂದು ದ್ವೀಪದ ಜನ ನಂಬಿದ್ದರಂತೆ. ನಿಜದಲ್ಲಿ ಅವಕ್ಕೆ ತಗ್ಗಿನ ಸ್ವರಗಳು ಕೇಳಿಸುತ್ತವೆ, ನಮ್ಮ ಕಿವಿಗೆ ಸಿಗುವ ಕೀಚಲು ಸ್ವರಗಳಲ್ಲಿ ಬಹಳಷ್ಟು ಅವಕ್ಕೆ ತಲುಪುವುದಿಲ್ಲ.

ಪ್ರಯೋಗಶಾಲೆಗಳೂ ಆಮೆಗೆ ನ್ಯಾಯ ಮಾಡಲಿಲ್ಲ. 1901ರಲ್ಲಿ ರಾಬರ್ಟ್ ಯರ್ಕ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಚುಕ್ಕೆ ಆಮೆಯನ್ನು ಸುತ್ತುಬಳಸಿನ ದಾರಿಯೊಳಗೆ ಬಿಟ್ಟಿದ್ದರು. ಮೊದಲ ಸಲ ಗೂಡು ಸೇರಲು ಅದಕ್ಕೆ 35 ನಿಮಿಷ ಬೇಕಾಯಿತು. ಅದೇ ಆಮೆ ರೂಢಿಯಾದ ಮೇಲೆ ಒಂದು ನಿಮಿಷದೊಳಗೆ ಮನೆ ಮುಟ್ಟುತ್ತಿತ್ತು. ಇಷ್ಟು ಒಳ್ಳೆಯ ಆರಂಭ ಸಿಕ್ಕರೂ ಮುಂದಿನ ದಶಕಗಳಲ್ಲಿ ಸರೀಸೃಪಗಳ ಮೇಲಿನ ಅನೇಕ ಪ್ರಯೋಗಗಳು ಕೈಕೊಟ್ಟವು, ತಪ್ಪು ಪ್ರಾಣಿಯ ತಲೆಗೆ ಬಂತು. ಕಾರಣ ಸರಳ: ಇಲಿಗೆ ಹಿತವಾದ ತಂಪು ಕೋಣೆಯಲ್ಲಿ ಆಮೆಯನ್ನೂ ಪರೀಕ್ಷಿಸುತ್ತಿದ್ದರು. ಆಮೆಯ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಸುತ್ತಲಿನ ಗಾಳಿ ತಣ್ಣಗಾದರೆ ರಕ್ತ, ಸ್ನಾಯು, ನರ, ಜೀರ್ಣಶಕ್ತಿ ಎಲ್ಲವೂ ಮಂದವಾಗುತ್ತವೆ. ಆ ಸ್ಥಿತಿಯಲ್ಲಿ ಅದನ್ನು ಪರೀಕ್ಷಿಸುವುದು ಅರೆನಿದ್ದೆಯಲ್ಲಿರುವ ಹುಡುಗನನ್ನು ಎಬ್ಬಿಸಿ ಹದಿಮೂರರ ಮಗ್ಗಿ ಕೇಳಿದಂತೆ. ಜೊತೆಗೆ ದೊಡ್ಡ ಸದ್ದು ಮಾಡಿ ಹೆದರಿಸುವಂಥ ಶಿಕ್ಷೆಗಳನ್ನೂ ಬಳಸುತ್ತಿದ್ದರು. ಹೆದರಿದ ಇಲಿ ಓಡುತ್ತದೆ, ಹೆದರಿದ ಆಮೆ ಕದಲದೆ ಕೂರುತ್ತದೆ. ಕದಲದ್ದನ್ನೇ ಕಲಿಯಲಿಲ್ಲ ಎಂದು ಬರೆದುಕೊಂಡರೆ ಆಮೆ ಏನು ಮಾಡೀತು?

ಈ ಲೆಕ್ಕವನ್ನು ತಿದ್ದಿದವರಲ್ಲಿ ಇಂಗ್ಲೆಂಡಿನ ವಿಲ್ಕಿನ್ಸನ್ ಮುಖ್ಯರು. ಅವರ ಮೊದಲ ಹೆಸರಾಂತ ಶಿಷ್ಯ ಮೋಸೆಸ್, ದಕ್ಷಿಣ ಅಮೆರಿಕದ ಕೆಂಪುಕಾಲಿನ ಜಾತಿಯ ಆಮೆ. ಕೋಣೆಯನ್ನು ಬೆಚ್ಚಗಿಟ್ಟು, ಎಂಟು ಕವಲುಗಳ ಒಂದು ಅಂಕಣವನ್ನು ಅದಕ್ಕೆ ಮಾಡಿಕೊಟ್ಟರು. ನಡುವೆ ಒಂದು ಬಯಲು, ಅದರಿಂದ ಎಂಟು ದಿಕ್ಕಿಗೂ ಎಂಟು ಓಣಿ, ಪ್ರತಿ ಓಣಿಯ ಕೊನೆಯಲ್ಲಿ ಒಂದೊಂದು ತುತ್ತು. ಒಮ್ಮೆ ತಿಂದು ಬಂದ ಓಣಿಗೆ ಮತ್ತೆ ಹೋದರೆ ಅಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಎಲ್ಲಿಗೆ ಹೋಗಿದ್ದೆ, ಎಲ್ಲಿಗೆ ಇನ್ನೂ ಹೋಗಿಲ್ಲ ಎಂಬುದು ನೆನಪಿರಬೇಕು. ಇಲಿಗಳ ನೆನಪನ್ನು ಅಳೆಯಲು ಕಟ್ಟಿದ ಪರೀಕ್ಷೆ ಇದು. ಮೋಸೆಸ್ ಕುರುಡು ಅದೃಷ್ಟದಿಂದ ಸಿಗುವ ಅಂಕಕ್ಕಿಂತ ಸ್ಪಷ್ಟವಾಗಿ ಹೆಚ್ಚು ಗಳಿಸಿತು. 2007ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಪಾಸಾಯಿತು ಎಂಬುದಕ್ಕಿಂತ ಹೇಗೆ ಪಾಸಾಯಿತು ಎಂಬುದು ಸ್ವಾರಸ್ಯಕರ. ಕೋಣೆಯ ವಸ್ತುಗಳು ಕಣ್ಣಿಗೆ ಬೀಳುವಂತಿದ್ದಾಗ ಮೋಸೆಸ್ ಅವನ್ನು ಗುರುತಾಗಿ ಇಟ್ಟುಕೊಂಡು ಓಣಿಗಳನ್ನು ಆರಿಸಿಕೊಳ್ಳುತ್ತಿತ್ತು, ಅದರ ನಡೆಯಲ್ಲಿ ನಿಗದಿತ ಕ್ರಮ ಕಾಣುತ್ತಿರಲಿಲ್ಲ. ಆಮೇಲೆ ಸುತ್ತಲೂ ಕಪ್ಪು ಪರದೆ ಇಳಿಬಿಟ್ಟರು. ಗುರುತುಗಳು ಮರೆಯಾದ ಮೇಲೆ ಆಮೆ ಉಪಾಯ ಬದಲಿಸಿತು: ಒಂದು ಓಣಿಯಿಂದ ಹೊರಬಂದರೆ ಅದರ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ನೆನಪಿನ ಹೊರೆಯೇ ಬೇಡದ ದಾರಿ. ಪರದೆ ತೆಗೆದರೆ ಹಳೆಯ ರೀತಿಗೆ ಮರಳುತ್ತಿತ್ತು. ಪರಿಸ್ಥಿತಿ ನೋಡಿ ಉಪಾಯ ಬದಲಿಸುವುದಕ್ಕೆ ನಾವು ಮನುಷ್ಯರಲ್ಲಿ ಜಾಣತನ ಎನ್ನುತ್ತೇವೆ. ಆಮೆಯ ವಿಷಯದಲ್ಲಿ ಬೇರೆ ಪದ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಆಮೆಯ ಬಗ್ಗೆ ನಮ್ಮ ಹಿರಿಯರಲ್ಲಿ ಒಂದು ನಂಬಿಕೆಯಿತ್ತು. ಮೀನು ನೋಟದಿಂದ, ಹಕ್ಕಿ ಸ್ಪರ್ಶದಿಂದ, ಆಮೆ ಬರೀ ನೆನೆಯುವುದರಿಂದ ಮರಿಗಳನ್ನು ಸಾಕುತ್ತದೆ ಎಂದು ಗುರುವಿನ ಕರುಣೆಯನ್ನು ವರ್ಣಿಸುವವರು ಹೇಳುತ್ತಿದ್ದರು. ತಾಯಿ ಆಮೆ ಮೊಟ್ಟೆಗಳನ್ನು ಮಣ್ಣಲ್ಲಿ ಹೂತು ಹೊರಟುಹೋಗುತ್ತದೆ, ಮತ್ತೆ ತಿರುಗಿ ನೋಡುವುದಿಲ್ಲ. ಅದನ್ನು ಕಂಡವರೇ ಈ ಮಾತು ಕಟ್ಟಿರಬೇಕು. ಹೀಗೆ ಹುಟ್ಟಿದ ಮರಿಗೆ ಹೇಳಿಕೊಡುವವರು ಯಾರೂ ಇಲ್ಲ. ಕೆಂಪುಕಾಲಿನ ಆಮೆಗಳು ಬೆಳೆದ ಮೇಲೂ ಹಿಂಡು ಕಟ್ಟಿ ಬಾಳುವುದಿಲ್ಲ. ಇಂಥ ಒಂಟಿ ಪ್ರಾಣಿಗೆ ಇನ್ನೊಂದನ್ನು ನೋಡಿ ಕಲಿಯುವ ಶಕ್ತಿ ಎಲ್ಲಿಂದ ಬರಬೇಕು? ವಿಯೆನ್ನಾದಲ್ಲಿ ಲುಡ್ವಿಗ್ ಹೂಬರ್ ಎಂಬ ಸಂಶೋಧಕರ ತಂಡದೊಂದಿಗೆ ವಿಲ್ಕಿನ್ಸನ್ ಇದನ್ನೂ ಪರೀಕ್ಷಿಸಿದರು. ಇಂಗ್ಲಿಷ್ ವಿ ಆಕಾರದ ತಂತಿಬೇಲಿಯ ಆಚೆ ತಿನಿಸು ಕಾಣುತ್ತದೆ, ಆದರೆ ಅದನ್ನು ಮುಟ್ಟಲು ಮೊದಲು ತಿನಿಸಿನಿಂದ ದೂರ ಸರಿದು ಬೇಲಿಯನ್ನು ಬಳಸಬೇಕು. ತಾವಾಗಿಯೇ ಯತ್ನಿಸಿದ ಆಮೆಗಳಲ್ಲಿ ಒಂದಕ್ಕೂ ಇದು ಹೊಳೆಯಲಿಲ್ಲ. ವಿಲ್ಹೆಲ್ಮಿನಾ ಎಂಬ ಪಳಗಿದ ಆಮೆ ಬೇಲಿ ಸುತ್ತಿ ಹೋಗುವುದನ್ನು ನೋಡಿದವು ಕಲಿತವು. ಅವು ಅನುಕರಿಸಿದವೋ, ಅಥವಾ ಆ ಕಡೆ ಏನೋ ಇದೆ ಎಂಬ ಸುಳಿವಷ್ಟೇ ಸಾಕಾಯಿತೋ ಎಂಬುದು ಬೇರೆ ಪ್ರಶ್ನೆ. 2010ರ ಈ ಫಲಿತಾಂಶ, ಪರಸ್ಪರ ನೋಡಿ ಕಲಿಯುವುದು ಗುಂಪುಜೀವಿಗಳಿಗೆ ಮಾತ್ರ ಒಲಿದ ವಿದ್ಯೆ ಎಂಬ ಎಣಿಕೆಯನ್ನಂತೂ ಅಲುಗಿಸಿತು.

ಕಲಿತದ್ದು ಎಷ್ಟು ದಿನ ಉಳಿಯುತ್ತದೆ? ಯಾವ ಬಣ್ಣದ ಗುರುತಿಗೆ ಹೆಚ್ಚು ರುಚಿಯ ತಿನಿಸು, ಯಾವುದಕ್ಕೆ ಹೆಚ್ಚು ಪ್ರಮಾಣ ಎಂದು ಕಲಿತ ಕೆಂಪುಕಾಲಿನ ಆಮೆಗಳಿಗೆ 18 ತಿಂಗಳ ನಂತರವೂ ಅದು ಮರೆತಿರಲಿಲ್ಲ. ದೈತ್ಯ ಆಮೆಗಳ ಕಥೆ ಇನ್ನೂ ಉದ್ದ. ವಿಯೆನ್ನಾ ಮತ್ತು ಜ್ಯೂರಿಕ್ ಮೃಗಾಲಯಗಳಲ್ಲಿ ತಮಾರ್ ಗುಟ್ನಿಕ್, ಮೈಕೆಲ್ ಕುಬಾ ಮತ್ತಿತರ ಸಂಶೋಧಕರು ಅಲ್ಡಾಬ್ರಾ, ಗಲಾಪಗೋಸ್ ಆಮೆಗಳಿಗೆ ಕೋಲಿನ ತುದಿಯ ಬಣ್ಣದ ಚೆಂಡನ್ನು ಕಚ್ಚಲು, ದೂರದಿಂದ ನಡೆದು ಬಂದು ಕಚ್ಚಲು, ತಮ್ಮ ತಮ್ಮ ಪಾಲಿನ ಬಣ್ಣದ್ದನ್ನೇ ಆರಿಸಲು ಕಲಿಸಿದರು. ವಿಯೆನ್ನಾದ ಮೂರು ಆಮೆಗಳನ್ನು ಒಂಬತ್ತು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಚೆಂಡಿನ ಪಾಠ ಅವಕ್ಕೆ ನೆನಪಿತ್ತು. ಗುಂಪಿನಲ್ಲಿದ್ದು ಕಲಿತ ಆಮೆಗಳಿಗೆ ಒಂಟಿಯಾಗಿ ಕಲಿತವಕ್ಕಿಂತ ಕಡಿಮೆ ಪಾಠ ಸಾಕಾಯಿತು ಎಂಬುದೂ ಅಲ್ಲೇ ತಿಳಿಯಿತು.

ಮನೆಯಲ್ಲಿ ಕಲಿಸುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮೊದಲ ಕೆಲಸ ಪಾಠವಲ್ಲ, ಬಿಸಿಲು. ಆಮೆ ಮೈಕಾಯಿಸಿಕೊಂಡು ಚುರುಕಾಗಿ ಓಡಾಡತೊಡಗಿದ ಮೇಲೆಯೇ ಶುರುಮಾಡಬೇಕು. ಎತ್ತಿ ತಂದು ಪಾಠಕ್ಕೆ ಕೂರಿಸಬಾರದು. ಕಾಲು ನೆಲ ಬಿಟ್ಟರೆ ಅದರ ಪಾಲಿಗೆ ಯಾವುದೋ ಪ್ರಾಣಿಯ ಬಾಯಿಗೆ ಸಿಕ್ಕಂತೆಯೇ. ಬಣ್ಣದ ಗುಂಡೊಂದನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ಮೂತಿಯ ಹತ್ತಿರ ಹಿಡಿಯುತ್ತಾರೆ. ಕುತೂಹಲಕ್ಕೆ ಮೂಸಿದರೂ ಸಾಕು, ಕೂಡಲೇ ಒಂದು ಚೂರು ತಿನಿಸು. ಆಮೇಲೆ ಒಂದು ಹೆಜ್ಜೆ ದೂರ, ಇನ್ನೊಂದು ದಿನ ನಾಲ್ಕು ಹೆಜ್ಜೆ. ನಾಯಿಗೆ ಬಳಸುವ ಕ್ಲಿಕ್ಕರಿನ ಟಕ್ ಸದ್ದಿಗಿಂತ ಕಣ್ಣಿಗೆ ಕಾಣುವ ಗುರುತೇ ಇಲ್ಲಿ ನಂಬಿಗಸ್ತ, ಏಕೆಂದರೆ ಆಮೆಯ ಕಿವಿಗಿಂತ ಕಣ್ಣು ಮೇಲು. ಬಣ್ಣಗಳನ್ನು ಅದು ಚೆನ್ನಾಗಿ ಬಿಡಿಸಿ ನೋಡುತ್ತದೆ. ಹೊಟ್ಟೆ ತುಂಬಿದ ಮೇಲೆ ಪಾಠ ನಡೆಯುವುದಿಲ್ಲ, ಉಪವಾಸ ಕೆಡವಿಯೂ ಕಲಿಸಬಾರದು. ತಿನಿಸಿನಲ್ಲಿ ಜಾತಿಭೇದ ಉಂಟು: ಕೆಂಪುಕಾಲಿನದಕ್ಕೆ ಹಣ್ಣಿನ ಚೂರು ಒಗ್ಗುತ್ತದೆ, ಹುಲ್ಲುಸೊಪ್ಪು ತಿನ್ನುವ ಮೆಡಿಟರೇನಿಯನ್ ಜಾತಿಗಳಿಗೆ ಸಿಹಿ ಹಣ್ಣು ಹೊಟ್ಟೆ ಕೆಡಿಸುತ್ತದೆ. ಅವಕ್ಕೆ ದಾಸವಾಳದ ಎಸಳೇ ಪರಮಾನ್ನ.

ಇದನ್ನು ಓದಿ ಯಾರಾದರೂ ನಕ್ಷತ್ರ ಆಮೆಯನ್ನು ಹುಡುಕಿಕೊಂಡು ಹೊರಟಾರು ಎಂಬ ಭಯದಿಂದ ಒಂದು ಮಾತು. ಚಿಪ್ಪಿನ ಮೇಲೆ ಹಳದಿ ನಕ್ಷತ್ರಗಳಿರುವ, ನಮ್ಮ ಬಯಲುಸೀಮೆಯ ಕುರುಚಲು ಕಾಡಿನ ಈ ಆಮೆಯನ್ನು ಮನೆಯಲ್ಲಿಡುವುದು ಅಪರಾಧ. 2022ರ ತಿದ್ದುಪಡಿಯ ನಂತರ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧವಿದೆ. ಮನೆಗೆ ಲಕ್ಷ್ಮಿ ತರುತ್ತದೆ ಎಂಬ ಮೂಢನಂಬಿಕೆಯೂ, ಹೊರದೇಶದ ಸಾಕುಪ್ರಾಣಿ ಮಾರುಕಟ್ಟೆಯೂ ಸೇರಿ ಇದನ್ನು ಸಾವಿರಗಟ್ಟಲೆ ಚೀಲಗಳಲ್ಲಿ ತುಂಬಿಸಿವೆ. ಬಾವಿಗೆ ಆಮೆ ಬಿಡುವ ಹಳೆಯ ರೂಢಿಗೂ ಇಂದಿನ ಕಾನೂನಿನಲ್ಲಿ ಜಾಗವಿಲ್ಲ. ಕೆಂಪುಕಾಲಿನದರಂಥ ಹೊರದೇಶದ ಜಾತಿಯನ್ನು ಸಾಕುವುದಿದ್ದರೂ ಕಾಗದಪತ್ರ, ಸರ್ಕಾರದ ನೋಂದಣಿ ಬೇಕು.

ಹಾಗಾದರೆ ಆಮೆ ಎಷ್ಟು ಬುದ್ಧಿವಂತ? ಕೆಂಪುಕಾಲಿನ ಆಮೆಗಳು ಟಚ್‌ಸ್ಕ್ರೀನಿನಲ್ಲಿ ಕೆಂಪು ತ್ರಿಕೋನವನ್ನು ಮೂತಿಯಿಂದ ಒತ್ತಿ, ನಂತರ ಮೂಡುವ ನೀಲಿ ವೃತ್ತಗಳಲ್ಲಿ ಒಂದನ್ನು ಆರಿಸಿ ಸ್ಟ್ರಾಬೆರಿ ಗಿಟ್ಟಿಸಿವೆ. ಅದರಿಂದ ಅವಕ್ಕೆ ಕಂಪ್ಯೂಟರ್ ತಿಳಿಯುತ್ತದೆ ಎಂದಾಗುವುದಿಲ್ಲ. ಕಲಿಯುವ ಶಕ್ತಿ ಬೇರೆ, ತಿಳಿವಳಿಕೆ ಬೇರೆ. ಯಜಮಾನನನ್ನು ಕಂಡೊಡನೆ ಓಡಿಬರುತ್ತದೆ ಎಂದು ಹೆಮ್ಮೆಪಡುವವರಿಗೂ ಇದೇ ಮಾತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ವೈಟ್ ಎಂಬ ನಿಸರ್ಗ ವೀಕ್ಷಕರು ತಮ್ಮ ಬಂಧುವಿನ ಮನೆಯ ಆಮೆ ತಿಮೋತಿಯನ್ನು ಗಮನಿಸಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತನಗೆ ತಿನ್ನಿಸಿದ ವೃದ್ಧೆಯನ್ನು ಕಂಡರೆ ಅದು ಕುಂಟುತ್ತ ಎದುರಿಗೆ ಬರುತ್ತದೆ, ಹೊಸಬರನ್ನು ಲೆಕ್ಕಿಸುವುದಿಲ್ಲ ಎಂದು ಬರೆದರು. ಪ್ರೀತಿಯೋ, ಸೊಪ್ಪಿನ ಆಸೆಯೋ? ಎರಡನೆಯದಾದರೂ ಒಂದು ಮುಖವನ್ನು ಇನ್ನೊಂದರಿಂದ ಬೇರ್ಪಡಿಸುವ ನೆನಪಂತೂ ಬೇಕಲ್ಲವೇ. (ಆ ತಿಮೋತಿ ಹೆಣ್ಣು ಎಂಬುದು ಗೊತ್ತಾಗಿದ್ದು ಅದು ಸತ್ತ ಮೇಲೆ.)

ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಪಿಗ್‌ಫೇಸ್ ಎಂಬ ನೈಲ್ ನದಿಯ ಮೆದುಚಿಪ್ಪಿನ ಆಮೆ ದಶಕಗಳಿಂದ ಒಂಟಿಯಾಗಿತ್ತು. ತನ್ನ ಕಾಲು, ಕುತ್ತಿಗೆಗಳನ್ನು ತಾನೇ ಗಾಯ ಮಾಡಿಕೊಳ್ಳತೊಡಗಿತು. ತೊಟ್ಟಿಗೆ ಚೆಂಡು, ಬಳೆ, ಕೋಲುಗಳನ್ನು ಹಾಕಿದರು. ಅದು ಅವನ್ನು ಮೂತಿಯಿಂದ ನೂಕಿ, ಎಳೆದು, ಬಹಳ ಹೊತ್ತು ಅವುಗಳ ಜೊತೆಯೇ ಕಳೆಯಿತು, ಗಾಯ ಮಾಡಿಕೊಳ್ಳುವುದು ಕಡಿಮೆಯಾಯಿತು. ಗಾರ್ಡನ್ ಬರ್ಗ್‌ಹಾರ್ಟ್ ಎಂಬ ಸಂಶೋಧಕರು ಅದನ್ನು ಆಟ ಎಂದೇ ಕರೆದು 1996ರಲ್ಲಿ ಬರೆದರು. ಬೇಸರ ಬರಬೇಕಾದರೂ ತಲೆಯಲ್ಲಿ ಏನಾದರೂ ಇರಬೇಕು. ಗಾಜಿನ ತೊಟ್ಟಿಯ ಮೂಲೆಯಲ್ಲಿ ಆಮೆಯಿಟ್ಟು ಮರೆಯುವವರು ಅಂಕಪಟ್ಟಿಗಿಂತ ಇದನ್ನು ಗಮನಿಸುವುದು ಒಳ್ಳೆಯದು.

ಮೃಗಾಲಯದವರಿಗೆ ಆಮೆಗೆ ಪಾಠ ಹೇಳುವ ಈ ವಿದ್ಯೆಯಿಂದ ನೇರ ಲಾಭವೂ ಇದೆ. ಇನ್ನೂರು ಕಿಲೋ ತೂಗುವ ಗಲಾಪಗೋಸ್ ಆಮೆಯನ್ನು ತಕ್ಕಡಿಗೆ ಎತ್ತಿಡಲು ನಾಲ್ಕಾಳು ಬೇಕು, ಆಮೆಗೂ ಗಾಬರಿ. ಚೆಂಡಿನ ಹಿಂದೆ ನಡೆಯಲು ಕಲಿತ ಆಮೆ ತಾನೇ ತಕ್ಕಡಿ ಹತ್ತುತ್ತದೆ. ರಕ್ತ ತೆಗೆಯಲು ಇನ್ನೂ ಚೆಂದದ ಉಪಾಯವಿದೆ. ಗಲಾಪಗೋಸಿನಲ್ಲಿ ಫಿಂಚ್ ಹಕ್ಕಿಗಳು ಆಮೆಯ ಮುಂದೆ ಕುಪ್ಪಳಿಸಿದರೆ, ಅದು ನಾಲ್ಕೂ ಕಾಲು ನೆಟ್ಟಗೆ ಮಾಡಿ, ಕುತ್ತಿಗೆ ಚಾಚಿ ನಿಲ್ಲುತ್ತದೆ; ಹಕ್ಕಿಗಳು ಮಡಿಕೆಗಳಲ್ಲಿ ಅಡಗಿದ ಉಣ್ಣೆಗಳನ್ನು ಹೆಕ್ಕುತ್ತವೆ. ನೋಡಿಕೊಳ್ಳುವವರು ಕುತ್ತಿಗೆ, ಕಾಲಸಂದಿಗಳನ್ನು ಉಜ್ಜಿದರೂ ಆಮೆ ಹಾಗೆಯೇ ಎದ್ದು ನಿಲ್ಲುತ್ತದೆ. ಒಬ್ಬರು ಉಜ್ಜುತ್ತಿರುವಾಗ ಪಶುವೈದ್ಯರು ಸೂಜಿ ಚುಚ್ಚಿ ಕೆಲಸ ಮುಗಿಸುತ್ತಾರೆ.